ಹಂಡೆಯ ನೀರಿನಲ್ಲಿ ಮೈಕ್ರೋಜೆಲ್: ನನ್ನ ಅನುಭವ

ಮಳೆಗಾಲದ ತೀರ್ಥಹಳ್ಳಿಯಲ್ಲಿ, ಕರೆಂಟ್ ಯಾವಾಗ ಹೋಗಿ ಯಾವಾಗ ಬರುತ್ತದೆಂದು ತಿಳಿಯದ ಕಡೆ, ಒಂದೇ ಗಾತ್ರದ ಪಿನಿಪಾಮ್ ಮೈಕ್ರೋಜೆಲ್ ಕಣಗಳನ್ನು (ತಂಪಿನಲ್ಲಿ ನೀರು ಹೀರಿ ಉಬ್ಬುವ, ಸುಮಾರು 32 ಡಿಗ್ರಿ ದಾಟಿದರೆ ಕುಗ್ಗುವ ಅತಿಸಣ್ಣ ಪಾಲಿಮರ್ ಕಣಗಳು) ಮಾಡುವುದು ಆಗದ ಮಾತು ಎಂದವರು ಒಬ್ಬಿಬ್ಬರಲ್ಲ. ಕಳೆದ ಆಷಾಢದಿಂದೀಚೆಗೆ ಬ್ಯಾಚುಗಳು ಒಂದಾದ ಮೇಲೊಂದು ಸರಿಯಾಗಿಯೇ ಬರುತ್ತಿವೆ. ಇದೇ ಕೆಲಸದಲ್ಲಿರುವವರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ಪಾಕ ಹಳೆಯದೇ, 1986ರಲ್ಲಿ ಪೆಲ್ಟನ್ ಮತ್ತು ಶಿಬಾಂಟೆ ಪ್ರಕಟಿಸಿದ ದಾರಿ. ನೂರು ಮಿಲಿಲೀಟರ್ ನೀರಿಗೆ ಸುಮಾರು ಒಂದೂವರೆ ಗ್ರಾಂ ನೈಪಾಮ್ (ಪಿನಿಪಾಮ್‌ನ ಮೂಲ ವಸ್ತು), ಸರಪಳಿಗಳನ್ನು ಒಂದಕ್ಕೊಂದು ಕಟ್ಟಲು ಶೇ 5 ಮೋಲ್‌ನಷ್ಟು ಬಿಸ್‌ಅಕ್ರಿಲಮೈಡ್, ಸ್ವಲ್ಪ ಎಸ್‌ಡಿಎಸ್ ಎಂಬ ಸಾಬೂನಿನಂಥ ವಸ್ತು, ಗಾಳಿಯ ಆಮ್ಲಜನಕ ದೂರವಿಡಲು ನೈಟ್ರೋಜನ್, 70 ಡಿಗ್ರಿ; ಕೊನೆಗೆ ಕ್ರಿಯೆ ಶುರುಮಾಡಲು ಪರ್‌ಸಲ್ಫೇಟ್. ತೊಂದರೆಯೆಲ್ಲ ಆ 70 ಡಿಗ್ರಿಯಲ್ಲೇ ಇತ್ತು. ಯುಪಿಎಸ್ ಕಲಕುವ ಮೋಟರನ್ನು ಹೊರುತ್ತದೆ, ಹೀಟರನ್ನು ಹೊರುವುದಿಲ್ಲ. ಒಂದು ಲೀಟರಿನ ಎಣ್ಣೆ ಬಾತ್ ನೋಡನೋಡುತ್ತಲೇ ಐವತ್ತರ ಹತ್ತಿರಕ್ಕೆ ಇಳಿಯುತ್ತಿತ್ತು; ಕರೆಂಟ್ ಬಂದು ಮತ್ತೆ ಕಾದಾಗ ಹೊಸದಾಗಿ ಸಣ್ಣ ಕಣಗಳು ಹುಟ್ಟಿ, ಬೆಳಕು ಚದುರುವುದರಿಂದ ಕಣದ ಗಾತ್ರ ಅಳೆಯುವ ಡಿಎಲ್‌ಎಸ್‌ನ ಗ್ರಾಫಿನಲ್ಲಿ ಎರಡು ಗುಡ್ಡಗಳು, ಅಂದರೆ ಎರಡು ಗಾತ್ರಗಳು, ಕಾಣುತ್ತಿದ್ದವು. ಇಪ್ಪತ್ತೈದು ಗ್ರಾಂ ನೈಪಾಮ್‌ಗೆ ಆರೇಳು ಸಾವಿರ ತೆತ್ತು, ತೇವಕ್ಕೆ ಗಂಟುಕಟ್ಟಿದ ಅದನ್ನು ಹೆಕ್ಸೇನ್‌ನಲ್ಲಿ ಮತ್ತೆ ಹರಳುಗಟ್ಟಿಸಿ, ಕೊನೆಗೆ ಮೋರಿಗೆ ಸುರಿಯುವ ಸಂಕಟ ಅನುಭವಿಸಿದವರಿಗೇ ಗೊತ್ತು. ಅಳೆಯಲು ಬೆಂಗಳೂರಿಗೆ ಮಾದರಿ ಕಳಿಸುವ ಖರ್ಚು ಬೇರೆ. ಬಿಸಿಯನ್ನು ಒಂದೇ ಮಟ್ಟದಲ್ಲಿಡುವ, ಬ್ಯಾಕಪ್ ಸಹಿತ ಸರ್ಕ್ಯುಲೇಟರಿಗೆ ಒಬ್ಬ ಮಾರಾಟಗಾರರು ಒಂದೂವರೆ ಲಕ್ಷದ ಮೇಲೆ ಹೇಳಿದರು.

ನಾನು ತಂದದ್ದು ಬಚ್ಚಲಿನ ಹಳೆಯ ತಾಮ್ರದ ಹಂಡೆ, ನಲವತ್ತು ಲೀಟರಿನ ಆಸುಪಾಸಿನದು, ಏಳು ಸಾವಿರದೊಳಗೆ. ಸುತ್ತ ಗೋಣಿಚೀಲದಲ್ಲಿ ಭತ್ತದ ಹೊಟ್ಟು ತುಂಬಿ ಕಟ್ಟಿ, ಮರದ ಮುಚ್ಚಳದಲ್ಲಿ ತೂತು ಕೊರೆದು ಫ್ಲಾಸ್ಕನ್ನು ಕುತ್ತಿಗೆಯವರೆಗೆ ಇಳಿಬಿಟ್ಟೆ. ಕರೆಂಟ್ ಇದ್ದಾಗ ಇಮ್ಮರ್ಶನ್ ರಾಡ್ ಅಗ್ಗದ ಡಿಜಿಟಲ್ ನಿಯಂತ್ರಕದ ಮೂಲಕ ಓಡುತ್ತದೆ. ಹೋದರೆ ನೀರಿನ ಬಿಸಿ ಗಂಟೆಗೆ ಎರಡು ಡಿಗ್ರಿಗಿಂತ ಹೆಚ್ಚು ಇಳಿಯುವುದಿಲ್ಲ. ಪರ್‌ಸಲ್ಫೇಟ್ ಹಾಕಿದ ಐದಾರು ನಿಮಿಷಕ್ಕೆ ದ್ರವದಲ್ಲಿ ತೆಳುವಾದ ನೀಲಿ ಛಾಯೆ ಮೂಡಿ, ಆಮೇಲೆ ಹಾಲಿನಂತೆ ಬೆಳ್ಳಗಾಗುತ್ತದೆ. ನೀಲಿ ಕಾಣಿಸದೆ ನೇರವಾಗಿ ಬಿಳುಪಿಗೆ ತಿರುಗಿದ ಬ್ಯಾಚಿನ ಮೇಲೆ ನಾನು ಮುಂದೆ ಹಣ ಹಾಕುವುದಿಲ್ಲ. ಈಗಿನವು 25 ಡಿಗ್ರಿಯಲ್ಲಿ ಸುಮಾರು 400 ನ್ಯಾನೋಮೀಟರ್, 45ರಲ್ಲಿ 180ರ ಹತ್ತಿರ ಅಳತೆ ಕೊಡುತ್ತಿವೆ; ಗುಡ್ಡ ಒಂದೇ. ಲಕ್ಷದ ಉಪಕರಣದಲ್ಲಿ ಮಾಡಿದವರ ಗ್ರಾಫಿನ ಪಕ್ಕದಲ್ಲಿ ಇದನ್ನು ಇಡಲು ನನಗೆ ಯಾವ ಹಿಂಜರಿಕೆಯೂ ಇಲ್ಲ. ಎಸ್‌ಡಿಎಸ್‌ನ ತೂಕವನ್ನೂ, ಪರ್‌ಸಲ್ಫೇಟಿಗೆ ಮುಂಚೆ ನಾನು ಮಾಡುವ ಒಂದು ಸಣ್ಣ ಕೆಲಸವನ್ನೂ ಸದ್ಯಕ್ಕೆ ಹೇಳುವುದಿಲ್ಲ.

ಕಣಗಳನ್ನು ತೊಳೆಯಲು ಡಯಾಲಿಸಿಸ್ ಕೊಳವೆ ಬಳಸುವುದನ್ನು ಬಿಟ್ಟಿದ್ದೇನೆ. ವೇಗವಾಗಿ ತಿರುಗಿಸಿ ಕಣಗಳನ್ನು ತಳಕ್ಕಿಳಿಸುವ ಸೆಂಟ್ರಿಫ್ಯೂಜಿನ ರೋಟರನ್ನು ಓವನ್ನಿನಲ್ಲಿ 45 ಡಿಗ್ರಿಗೆ ಕಾಯಿಸಿಟ್ಟು, ಕಣಗಳು ಕುಗ್ಗಿರುವಾಗಲೇ ಸೆಂಟ್ರಿಫ್ಯೂಜ್ ಮಾಡಿ, ತಣ್ಣಗಾಗುವ ಮುಂಚೆ ಮೇಲಿನ ನೀರು ಬಸಿಯಬೇಕು. ನಮ್ಮ ಮಳೆಗಾಲದ ಕೋಣೆ 32 ಡಿಗ್ರಿಗಿಂತ ಬಹಳ ಕೆಳಗಿರುವುದರಿಂದ ಇಲ್ಲಿ ಕೈ ಚುರುಕಾಗಿರಬೇಕು.

ಇದರ ನಡುವೆ ಅಕ್ರಿಲಿಕ್ ಆಮ್ಲ ಸೇರಿಸಿದ ಒಂದು ಬ್ಯಾಚಿಗೆ ಮೈಲುತುತ್ತದ ದ್ರಾವಣ ಕುಡಿಸಿ ನೋಡಿದೆ. ಪಿಎಚ್ ಆರರ ಸುಮಾರಿಗೆ ತಾಮ್ರ ಕಣಗಳೊಳಗೆ ನಿಂತಿತು, ಮೂರಕ್ಕೆ ಇಳಿಸಿದಾಗ ಬಹುಪಾಲು ಹೊರಬಂತು. ಅಡಿಕೆಯ ಕೊಳೆರೋಗಕ್ಕೆ ಶೇ 1ರ ಬೋರ್ಡೋ (ಮೈಲುತುತ್ತ ಮತ್ತು ಸುಣ್ಣದ ದ್ರಾವಣ) ಹೊಡೆದು, ನಲವತ್ತು ನಲವತ್ತೈದು ದಿನಕ್ಕೆ ಮತ್ತೆ ಕೊನೆಗಾರರನ್ನು ಮರ ಹತ್ತಿಸುವ ತೋಟಗಾರರಿಗೆ ಇದು ನೆರವಾಗಬಹುದೆಂಬ ಆಸೆ ನನ್ನದು. ಆದರೆ ಅಡಿಕೆ ಗೊನೆಯ ಮೇಣದ ಮೈಮೇಲೆ ಕಣಗಳು ಮಳೆಗೆ ತೊಳೆದುಹೋಗದೆ ನಿಲ್ಲಬೇಕು. ಕಿತ್ತು ತಂದ ಕಾಯಿಗಳಿಗೆ ಹಚ್ಚಿ ಷವರಿನ ಕೆಳಗಿಟ್ಟಾಗ ಅರ್ಧದಷ್ಟು ತಾಮ್ರ ಹೋಗಿತ್ತು. ಈಗ ಕೈಟೋಸಾನ್ (ಸೀಗಡಿ ಚಿಪ್ಪಿನಿಂದ ತೆಗೆಯುವ ಪಾಲಿಮರ್) ಲೇಪನ ಕೊಟ್ಟು ಅದೇ ಪರೀಕ್ಷೆ ನಡೆಸುತ್ತಿದ್ದೇನೆ.