ಹೊಟ್ಟೆ ತೆಗೆದ ಮೇಲೆ ಊಟ ಹೇಗೆ, ವಿಟಮಿನ್ ಬಿ12 ಯಾಕೆ?

ದೊಡ್ಡಪ್ಪನ ಒಂದು ಚಪ್ಪಲಿ ಅಂಗಳದಲ್ಲೇ ಬಿದ್ದಿತ್ತು. ತೋಟಕ್ಕೆ ಹೋಗುವಾಗ ಕಾಲಿನಿಂದ ಜಾರಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಮಂಗಳೂರಿನಲ್ಲಿ ಹೊಟ್ಟೆಯ ಕ್ಯಾನ್ಸರಿಗೆ ಆಪರೇಶನ್ ಆಗಿ ಆಗ ಮೂರು ವರ್ಷ. ಜಠರವನ್ನು ಪೂರ್ತಿ ತೆಗೆದಿದ್ದರು. ಅಂಗಾಲು ಜುಮುಜುಮು ಅನ್ನುತ್ತದೆ ಎಂದು ಅವರು ಹೇಳಿದಾಗೆಲ್ಲ ‘ಪ್ರಾಯ ಆಯ್ತಲ್ಲ’ ಎಂದು ನಾವು ತಳ್ಳಿಹಾಕಿದ್ದೆವು. ಕೊನೆಗೆ ಕಪಾಟಿನಿಂದ ಹಳೆ ಫೈಲು ತೆಗೆದರೆ, ಡಿಸ್ಚಾರ್ಜ್ ಕಾಗದದ ಮೂರನೇ ಪುಟದಲ್ಲಿ ಇಂಗ್ಲಿಷಿನ ಒಂದು ಸಾಲು: ಬಿ12 ಇಂಜೆಕ್ಷನ್, ಜೀವನಪೂರ್ತಿ. ಮೊದಲ ವರ್ಷ ನಾಲ್ಕೈದು ಸಲ ಕೊಡಿಸಿ, ಆಮೇಲೆ ಮರೆತಿದ್ದೆವು.

ಹಾಗಾಗಿ ಮೊದಲ ಕೆಲಸ, ಫೈಲು ತೆಗೆಯಿರಿ. ಜಠರ ಪೂರ್ತಿ ತೆಗೆದದ್ದೋ, ಅರ್ಧವೋ, ಅನ್ನನಾಳ ತೆಗೆದು ಜಠರವನ್ನೇ ಕೊಳವೆ ಮಾಡಿ ಎದೆಗೆ ಎಳೆದದ್ದೋ ಎಂದು ಡಾಕ್ಟರಲ್ಲಿ ಕೇಳಿ, ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದಿಡಿ. ಕಾಸರಗೋಡಿನ ನಮ್ಮ ಬದಿಯಡ್ಕ, ಕುಂಬಳೆ ಕಡೆ ಕಾಗದ ಇಂಗ್ಲಿಷಿನಲ್ಲಿ, ಆಸ್ಪತ್ರೆಯ ಮಾತು ಮಲಯಾಳದಲ್ಲಿ, ಮನೆಯವರ ಓದು ಕನ್ನಡದಲ್ಲಿ. ಮೂರರ ನಡುವೆ ಒಂದು ಸಾಲು ಕಳೆದುಹೋಗುವುದು ದೊಡ್ಡ ಆಶ್ಚರ್ಯವೇನಲ್ಲ.

ಎರಡನೆಯದು ಆ ಇಂಜೆಕ್ಷನ್. ಬಿ12 ಹೀರಿಕೊಳ್ಳುವುದು ಸಣ್ಣ ಕರುಳಿನ ಕೊನೆಯ ಭಾಗ. ಆದರೆ ಅದಕ್ಕೆ ಜಠರದಲ್ಲಿ ತಯಾರಾಗುವ ಒಂದು ಪ್ರೋಟೀನು ಜೊತೆಗಿರಬೇಕು. ಜಠರವೇ ಇಲ್ಲದಿದ್ದರೆ ಆ ಪ್ರೋಟೀನೂ ಇಲ್ಲ. ‘ದಿನಾ ಬೂತಾಯಿ ಮೀನು, ಮೊಟ್ಟೆ ತಿಂತಾರಲ್ಲ, ಸಾಕಾಗಲ್ವಾ?’ ಎಂದು ನಮ್ಮ ಅತ್ತೆ ಕೇಳಿದ್ದರು. ಸಾಕಾಗಲ್ಲ. ತಿಂದದ್ದರಲ್ಲಿ ಬಿ12 ಎಷ್ಟಿದ್ದರೂ ಹೆಚ್ಚಿನದು ಹಾಗೇ ಹೊರಗೆ ಹೋಗುತ್ತದೆ. ಮೋಸ ಹೋಗುವುದು ಎಲ್ಲಿ ಅಂದರೆ, ಯಕೃತ್ತಿನಲ್ಲಿ ಕೆಲವು ವರ್ಷಕ್ಕಾಗುವಷ್ಟು ಬಿ12 ಮೊದಲೇ ದಾಸ್ತಾನಿರುತ್ತದೆ. ಅದು ಮುಗಿಯುವವರೆಗೆ ಏನೂ ಗೊತ್ತಾಗಲ್ಲ. ಮುಗಿದ ಮೇಲೆ ಸುಸ್ತು, ನಾಲಿಗೆ ಉರಿ, ಕೈಕಾಲು ಜೋಮು, ಮರೆವು. ನರಕ್ಕೆ ಆದ ಪೆಟ್ಟು ಕೆಲವೊಮ್ಮೆ ಪೂರ್ತಿ ಗುಣವಾಗುವುದಿಲ್ಲ. ದೊಡ್ಡಪ್ಪನ ಅಂಗಾಲು ಈಗಲೂ ಅರ್ಧ ಮರಗಟ್ಟಿದ ಹಾಗೇ ಇದೆ.

ಇಂಜೆಕ್ಷನ್ ತಿಂಗಳಿಗೊಮ್ಮೆಯೋ ಮೂರು ತಿಂಗಳಿಗೊಮ್ಮೆಯೋ ಎಂಬುದು ಔಷಧದ ಬಗೆ ನೋಡಿ ಡಾಕ್ಟರು ಹೇಳುತ್ತಾರೆ. ಕೆಲವರಿಗೆ 1000 ಮೈಕ್ರೋಗ್ರಾಮ್ ಅಥವಾ ಇನ್ನೂ ಜಾಸ್ತಿಯ ಗುಳಿಗೆ ಕೊಡುವುದೂ ಇದೆ. ಅಷ್ಟು ದೊಡ್ಡ ಡೋಸಿನಲ್ಲಿ ಸ್ವಲ್ಪ ಪಾಲು ಆ ಪ್ರೋಟೀನಿಲ್ಲದೆಯೂ ರಕ್ತಕ್ಕೆ ಸೇರುತ್ತದೆ. ಏನೇ ಇರಲಿ, ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಓಡಾಡಲು ಕಷ್ಟವಾದವರು ಪಂಚಾಯತಿನ ಪಾಲಿಯೇಟಿವ್ ನರ್ಸ್ ಹತ್ತಿರ, ಮನೆಗೆ ಬಂದು ಕೊಡುತ್ತೀರಾ ಎಂದು ಕೇಳಿ ನೋಡಬಹುದು. ಒಂದು ಎಚ್ಚರ: ರಕ್ತ ಕಡಿಮೆ ಎಂದು ಬರೀ ಫೋಲಿಕ್ ಆಸಿಡ್ ಗುಳಿಗೆ ನುಂಗಿದರೆ ರಕ್ತದ ರಿಪೋರ್ಟು ಚೆನ್ನಾಗಿ ಕಾಣಬಹುದು, ಬಿ12 ಇಲ್ಲದೆ ನರ ಮಾತ್ರ ಒಳಗೊಳಗೇ ಹಾಳಾಗುತ್ತಿರುತ್ತದೆ.

ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಕೂಡ ಕೊರತೆಯಾಗುತ್ತವೆ. ಆಹಾರದ ಕಬ್ಬಿಣ ಕರಗಲು ಹೊಟ್ಟೆಯ ಹುಳಿ ಬೇಕು. ಕಬ್ಬಿಣದ ಗುಳಿಗೆಯ ಹಿಂದೆಮುಂದೆ ಒಂದು ಗಂಟೆ ಚಾಯ ಬೇಡ, ನೆಲ್ಲಿಕಾಯಿ, ಲಿಂಬೆ ಒಳ್ಳೆಯದು. ಕ್ಯಾಲ್ಸಿಯಂ ಗುಳಿಗೆಯನ್ನು ಕಬ್ಬಿಣದ ಜೊತೆಯಲ್ಲೇ ನುಂಗಬೇಡಿ, ಎರಡು ಗಂಟೆ ಅಂತರ ಇರಲಿ. ಹುಳಿ ಇಲ್ಲದ ಹೊಟ್ಟೆಗೆ ಕ್ಯಾಲ್ಸಿಯಂ ಸಿಟ್ರೇಟ್ ಹೆಚ್ಚು ಹಿಡಿಸುತ್ತದೆ, ಅದರ ಬಗ್ಗೆಯೂ ಕೇಳಿ. ವರ್ಷಕ್ಕೊಮ್ಮೆಯಾದರೂ ಇವೆಲ್ಲದರ ರಕ್ತಪರೀಕ್ಷೆ ಮಾಡಿಸಿ.

ಇನ್ನು ಊಟ. ನಮ್ಮವರಿಗೆ ನಿಜವಾದ ಫಜೀತಿ ಇಲ್ಲೇ. ಕಾಯಿಲೆ ಬಿದ್ದವರಿಗೆ ನಮ್ಮ ಕಡೆ ಮೊದಲು ಕೊಡುವುದೇ ಗಂಜಿ. ಆದರೆ ಜಠರ ಇಲ್ಲದವರಿಗೆ ಅನ್ನ, ನೀರು ಒಟ್ಟಿಗೆ ಹೋಗಬಾರದು. ಮೊದಲಿನ ಹಾಗೆ ತಡೆದು ನಿಧಾನಕ್ಕೆ ಬಿಡುವ ಬಾಗಿಲು ಈಗಿಲ್ಲ, ಎಲ್ಲ ಒಂದೇ ಸಲ ಕರುಳಿಗೆ ಇಳಿಯುತ್ತದೆ. ನಾವು ಮಾಡಿದ ಉಪಾಯ ಇಷ್ಟೇ: ಕುಚ್ಚಲಕ್ಕಿ ಗಂಜಿಯನ್ನು ಬಸಿದು, ಮೆತ್ತಗಿನ ಅನ್ನ ಮೊದಲು, ಜೊತೆಗೆ ಮೊಟ್ಟೆ, ಮುಳ್ಳು ಬಿಡಿಸಿದ ಮೀನು ಅಥವಾ ಬೇಯಿಸಿದ ಹೆಸರುಬೇಳೆ. ತೆಳಿಗೆ ಉಪ್ಪು ಹಾಕಿ ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ. ಮಜ್ಜಿಗೆಯೂ ಹಾಗೇ. ದಿನಕ್ಕೆ ಆರು ಸಲ, ಸಣ್ಣ ತಟ್ಟೆಯಲ್ಲಿ. ಗುಜ್ಜೆ (ಎಳೆ ಹಲಸು), ನುಗ್ಗೆಯಂಥ ನಾರಿನವು ಉಂಡೆಗಟ್ಟಿ ಕೂರಬಹುದು, ಚೆನ್ನಾಗಿ ಅಗಿದು ನಾರು ಉಗಿಯಲಿ.

ಸಿಹಿಯ ವಿಷಯದಲ್ಲಿ ಹುಷಾರು. ಪೆರ್ಲದ ಹತ್ತಿರ ನೆಂಟರ ಮನೆಗೆ ಹೋದಾಗ ಆಸರಿಗೆ ಬೆಲ್ಲ, ನೀರು ಇಟ್ಟರು. ಬೇಡ ಅನ್ನಲು ದೊಡ್ಡಪ್ಪನಿಗೆ ಸಂಕೋಚ. ಎರಡು ಅಚ್ಚು ಬೆಲ್ಲ, ಮೇಲೆ ಒಂದು ಚೆಂಬು ನೀರು. ಇಪ್ಪತ್ತು ನಿಮಿಷದಲ್ಲಿ ಬೆವರು, ಎದೆ ಡವಡವ, ಹೊಟ್ಟೆ ಹಿಂಡಿ ಭೇದಿ. ಇದಕ್ಕೆ ಡಂಪಿಂಗ್ ಎನ್ನುತ್ತಾರೆ. ಹೀಗಾದರೆ ಸ್ವಲ್ಪ ಹೊತ್ತು ಒರಗಿಕೊಂಡರೆ ಇಳಿಯುತ್ತದೆ. ಊಟವಾಗಿ ಒಂದರಿಂದ ಮೂರು ಗಂಟೆಯ ಮೇಲೆ ಕೈ ನಡುಗಿ, ತಲೆ ತಿರುಗಿದರೆ ಅದು ಬೇರೆ: ರಕ್ತದ ಸಕ್ಕರೆ ಇಳಿದಿರುತ್ತದೆ. ಆಗ ಮಾತ್ರ ಸ್ವಲ್ಪ ಸಕ್ಕರೆ ಬೇಕು, ಹಿಂದೆಯೇ ಗಟ್ಟಿ ಏನಾದರೂ ತಿನ್ನಬೇಕು.

ಅನ್ನನಾಳದ ಆಪರೇಶನ್ ಆದವರು ಮಲಗುವ ಎರಡು ಮೂರು ಗಂಟೆ ಮುಂಚೆಯೇ ಊಟ ಮುಗಿಸಲಿ. ದಿಂಬು ಮಾತ್ರ ಸಾಲದು, ಸೊಂಟದಿಂದ ಮೇಲೆ ಎತ್ತರ ಬೇಕು. ಮಂಚದ ತಲೆಭಾಗದ ಕಾಲುಗಳಡಿ ಮರದ ತುಂಡು ಇಡಬಹುದು.

ಮಲ ಎಣ್ಣೆಣ್ಣೆಯಾಗಿ ತೇಲುತ್ತಿದ್ದರೆ ಕೊಬ್ಬು ಜೀರ್ಣವಾಗುತ್ತಿಲ್ಲ ಎಂದರ್ಥ, ಅದಕ್ಕೆ ಕ್ಯಾಪ್ಸೂಲ್ ಇದೆ. ತೂಕ ಇಳಿಯುತ್ತಲೇ ಇದ್ದರೆ, ನುಂಗಲು ಕಷ್ಟವಾದರೆ, ದಿನಗಟ್ಟಲೆ ವಾಂತಿಯಾದರೆ ಮುಂದಿನ ಚೆಕಪ್ಪಿಗೆ ಕಾಯಬೇಡಿ. ವಾಂತಿ ಮುಂದುವರಿದರೆ ಬಿ1 ಬೇಗ ಖಾಲಿಯಾಗುತ್ತದೆ, ಅದಕ್ಕೆ ಬಿ12ರ ಹಾಗೆ ವರ್ಷಗಟ್ಟಲೆಯ ದಾಸ್ತಾನಿಲ್ಲ.

ಈಗ ನೆಂಟರ ಮನೆಗೆ ಹೊರಡುವ ಮೊದಲೇ ದೊಡ್ಡಮ್ಮ ಫೋನ್ ಮಾಡಿ ಹೇಳುತ್ತಾರೆ: ‘ಅವರಿಗೆ ಬೆಲ್ಲ ಇಡಬೇಡಿ, ಒಂದು ಮೊಟ್ಟೆ ಬೇಯಿಸಿಡಿ.’