ಡಿಕ್ಟಿಯೊಸ್ಟೀಲಿಯಂ ಕೋಶಗಳನ್ನು ಸೂಜಿಯ ಕಡೆಗೆ ನಡೆಸುವುದು: ನನ್ನ ಅನುಭವ

ಡಿಕ್ಟಿಯೊಸ್ಟೀಲಿಯಂ ಮಣ್ಣಿನಲ್ಲಿ ಬದುಕುವ ಒಂದು ಅಮೀಬಾ. ಹಸಿದಾಗ ಅದರ ಕೋಶಗಳು ಸೈಕ್ಲಿಕ್ ಎಎಂಪಿ ಎಂಬ ಸಂಕೇತ ರಾಸಾಯನಿಕದತ್ತ ನಡೆಯುತ್ತವೆ; ಅದನ್ನು ಸೂಜಿಯಿಂದ ಸೂಸಿ ಕೋಶಗಳನ್ನು ಕರೆಯುವುದೇ ಈ ಪ್ರಯೋಗ. ಆದರೆ ಹೊಟ್ಟೆ ತುಂಬಿದ ಡಿಕ್ಟಿಯೊಸ್ಟೀಲಿಯಂ ಸೈಕ್ಲಿಕ್ ಎಎಂಪಿಯನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ. ಆಗ ಅದು ಬೆನ್ನಟ್ಟುವುದು ತನ್ನ ಆಹಾರವಾದ ಬ್ಯಾಕ್ಟೀರಿಯಾಗಳಿಂದ ಬರುವ ಫೋಲೇಟ್ ಎಂಬ ರಾಸಾಯನಿಕವನ್ನು. ಹಾಗಾಗಿ ಈ ಪ್ರಯೋಗದ ಮುಕ್ಕಾಲು ಪಾಲು ಕೋಶಗಳನ್ನು ಸರಿಯಾಗಿ ಉಪವಾಸ ಕೆಡವುವುದೇ. ಸೂಕ್ಷ್ಮದರ್ಶಕದ ಕೆಲಸ ಆಮೇಲಿನದು.

ಎಎಕ್ಸ್2 ಎಂಬ ಪ್ರಯೋಗಾಲಯ ತಳಿಯನ್ನು ಎಚ್‌ಎಲ್5 ಎಂಬ ಪೋಷಕ ದ್ರವ ಮಾಧ್ಯಮದಲ್ಲಿ, 22 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುಲುಕುತ್ತಾ ಬೆಳೆಸುತ್ತೇನೆ. ಮಿಲಿಲೀಟರಿಗೆ 20ರಿಂದ 40 ಲಕ್ಷ ಕೋಶಗಳಿರುವಾಗಲೇ ತೆಗೆಯಬೇಕು. ಬೆಳವಣಿಗೆ ನಿಂತ ಕೋಶಗಳು ಒಂದೇ ಹೆಜ್ಜೆಯಲ್ಲಿ ಮುಂದುವರಿಯುವುದಿಲ್ಲ. ಪಿಎಚ್ 6.5ರ ಫಾಸ್ಫೇಟ್ ಬಫರ್‌ನಲ್ಲಿ ಎರಡು ಸಲ ತೊಳೆದು, ಮಿಲಿಲೀಟರಿಗೆ 2 ಕೋಟಿಯಂತೆ ಕದಡುತ್ತೇನೆ. ಬಫರ್‌ನಲ್ಲಿ 2 ಮಿಲಿಮೋಲಾರ್ ಮೆಗ್ನೀಸಿಯಂ ಸಲ್ಫೇಟ್, 0.2 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ ಇರಲಿ. ಮಾಧ್ಯಮ ಚೂರು ಉಳಿದರೂ ಉಪವಾಸದಿಂದ ಶುರುವಾಗಬೇಕಾದ ಬದಲಾವಣೆ ತಡವಾಗುತ್ತದೆ.

ಒಂದು ಗಂಟೆ ಸುಮ್ಮನೆ ಕುಲುಕಿ, ನಂತರ ನಾಲ್ಕು ಗಂಟೆ, 6 ನಿಮಿಷಕ್ಕೊಮ್ಮೆ ಸೈಕ್ಲಿಕ್ ಎಎಂಪಿ ಹನಿಸುತ್ತೇನೆ. ಪ್ರತಿ ಸಲವೂ 75 ನ್ಯಾನೊಮೋಲಾರ್ ಆಗುವಷ್ಟು. ಬಿಡುವು ಬೇಕೇ ಬೇಕು: ಸತತವಾಗಿ ಸುರಿದರೆ ಸಂಕೇತವನ್ನು ಗ್ರಹಿಸುವ ಕೋಶದ ಮೇಲ್ಮೈ ಪ್ರೋಟೀನುಗಳು (ಗ್ರಾಹಕಗಳು) ಮಂಕಾಗುತ್ತವೆ. ಎರಡು ಹನಿಗಳ ನಡುವೆ ಕೋಶಗಳದೇ ಕಿಣ್ವವಾದ ಫಾಸ್ಫೊಡೈಎಸ್ಟರೇಸ್ ಸಂಕೇತವನ್ನು ಅಳಿಸಿಬಿಡುತ್ತದೆ. ಹಸಿದ ಕೋಶಗಳು ಅಗಾರ್ ಮೇಲೆ ತಾವಾಗಿಯೇ ಗುಂಪುಗೂಡುವಾಗ ಏಳುವ ಸೈಕ್ಲಿಕ್ ಎಎಂಪಿ ಅಲೆಗಳ ನಡುವಿನ ಸಮಯವೂ ಸುಮಾರು ಇಷ್ಟೇ.

ಒಂದು ತೊಟ್ಟನ್ನು ತಟ್ಟೆಗೆ ಹಾಕಿ ನೋಡಿ. ಉದ್ದವಾಗಿ, ಒಂದೇ ಮುಂಭಾಗ ಚಾಚಿಕೊಂಡು, ಒಂದರ ಬಾಲಕ್ಕೆ ಇನ್ನೊಂದು ಅಂಟಿದ್ದರೆ ಹದ ಬಂದಿದೆ. ದುಂಡಗಿದ್ದರೆ ಸೂಜಿ ಇಳಿಸುವ ಶ್ರಮ ದಂಡ.

ಸೂಜಿಗೆ, ಅಂದರೆ ತೀರಾ ಸಣ್ಣ ತುದಿಯ ಟೊಳ್ಳು ನಳಿಕೆಗೆ, 10 ಮೈಕ್ರೋಮೋಲಾರ್ ಸೈಕ್ಲಿಕ್ ಎಎಂಪಿ, ಜೊತೆಗೆ ಪ್ರತಿದೀಪ್ತ (ಬೆಳಕು ಬಿದ್ದಾಗ ಹೊಳೆಯುವ) ಬಣ್ಣ ತುಂಬುತ್ತೇನೆ. ಬಣ್ಣವಿಲ್ಲದಿದ್ದರೆ ತುದಿ ಕಟ್ಟಿಕೊಂಡಿದೆಯೋ, ಕೋಶಗಳೇ ಸೋಮಾರಿಗಳೋ ಹೇಳುವುದು ಕಷ್ಟ. ಕೋಶಗಳು ವಿರಳವಾಗಿರಬೇಕು, ದಟ್ಟವಾದರೆ ಅವೇ ಸಂಕೇತ ಹೊರಸೂಸಿ ಪಕ್ಕದವನ್ನು ಕರೆಯುತ್ತವೆ. ಸೈಕ್ಲಿಕ್ ಎಎಂಪಿ ತಯಾರಿಸುವ ಕಿಣ್ವ ಅಡಿನೈಲಿಲ್ ಸೈಕ್ಲೇಸ್ ಕೋಶದ ಹಿಂಬದಿಯಲ್ಲಿ ಹೆಚ್ಚು ಸೇರಿರುವುದರಿಂದ ಸಾಲು ಕಟ್ಟುತ್ತವೆ. ಸಾಲು ಚಂದವೇ, ಆದರೆ ಯಾವ ಕೋಶ ಸೂಜಿಯನ್ನು ಹಿಂಬಾಲಿಸಿತು, ಯಾವುದು ಮುಂದಿನದರ ಬಾಲವನ್ನು ಎಂಬುದು ತಿಳಿಯುವುದಿಲ್ಲ. ಎರಡನ್ನೂ ಬೇರ್ಪಡಿಸಲು ಅರ್ಧ ಗಂಟೆ ಮೊದಲೇ ಸುಮಾರು 3 ಮಿಲಿಮೋಲಾರ್ ಕೆಫೀನ್ ಹಾಕುತ್ತೇನೆ. ಕೋಶದಿಂದ ಕೋಶಕ್ಕೆ ಸಂಕೇತ ದಾಟಿಸುವುದನ್ನು ಅದು ತಡೆಯುತ್ತದೆ. ಸೂಜಿಯತ್ತ ನಡೆಯುವುದನ್ನು ಅಷ್ಟಾಗಿ ತಡೆಯುವುದಿಲ್ಲ.

ಚಿತ್ರ 10 ಸೆಕೆಂಡಿಗೊಂದು ಸಾಕು. ಮಧ್ಯದಲ್ಲಿ ಸೂಜಿಯನ್ನು ಎದುರು ಬದಿಗೆ ಸರಿಸಿ: ಹದಗೊಂಡ ಕೋಶ ಇರುವ ಮುಂಭಾಗವನ್ನೇ ಬಳಸಿ ಸುತ್ತು ಹೊಡೆದು ತಿರುಗುತ್ತದೆ, ಹದವಾಗದ್ದು ಪಕ್ಕದಿಂದ ಹೊಸ ಹುಸಿಪಾದ (ಚಲಿಸಲು ಚಾಚುವ ಕೋಶದ ಭಾಗ) ಚಾಚುತ್ತದೆ. ವೇಗವೊಂದನ್ನೇ ಅಳೆದರೆ ಮೋಸ ಹೋಗುತ್ತೀರಿ. ಎಲ್ಲೆಡೆ ಸಮನಾಗಿ ಹಾಕಿದ ಸೈಕ್ಲಿಕ್ ಎಎಂಪಿಯೂ ಓಡಾಟವನ್ನು ಬದಲಿಸಬಲ್ಲದು. ಆದ್ದರಿಂದ ಅಂಥದೊಂದು ತಟ್ಟೆಯನ್ನು ಹೋಲಿಕೆಗೆ ಇಟ್ಟುಕೊಂಡು, ಸೂಜಿಯ ದಿಕ್ಕಿಗೂ ಕೋಶದ ಹಾದಿಗೂ ನಡುವಿನ ಕೋನದ ಕೊಸೈನನ್ನು ಲೆಕ್ಕ ಹಾಕಿ.