ಕಟ್ಟಿಸುವ ರೈಫಲ್ಲಿಗೆ ತೋಟಾ ಆರಿಸುವುದು ಹೇಗೆ?

ಹೋದ ಆಷಾಢದಲ್ಲಿ ಮಂಡ್ಯದ ಹುಡುಗನೊಬ್ಬ ಮೈಸೂರಿನ ನಮ್ಮ ಮನೆಗೆ ಬಂದಿದ್ದ. ತನ್ನ ಮೈಕಟ್ಟಿಗೆ ಒಪ್ಪುವ ಗುರಿ ರೈಫಲ್ ಒಂದನ್ನು ಕಟ್ಟಿಸಿಕೊಳ್ಳಬೇಕೆಂಬುದು ಅವನ ಆಸೆ. ನೋಟ್‌ಬುಕ್ಕಿನ ತುಂಬ ತೋಟಾಗಳ ಹೆಸರು, ವೇಗ, ಸಾವಿರ ಮೀಟರ್ ಹೋಗುವಷ್ಟರಲ್ಲಿ ಗುಂಡು ಎಷ್ಟು ಇಳಿಯುತ್ತದೆ ಎಂಬ ಲೆಕ್ಕ. “ಅಣ್ಣ, ಇದರಲ್ಲಿ ಯಾವುದು ಒಳ್ಳೆಯದು?” ಎಂದ. “ನೀನು ಅಭ್ಯಾಸ ಮಾಡುವ ರೇಂಜ್ ಎಷ್ಟು ಮೀಟರ್‌ನದಪ್ಪಾ?” ಎಂದು ಕೇಳಿದೆ. “ಐವತ್ತು” ಎಂದ.

ತೋಟಾ ಆಯ್ಕೆಯಲ್ಲಿ ಹಣ ಕಳೆದುಕೊಂಡವರಲ್ಲಿ ಹೆಚ್ಚಿನವರು ಎಡವಿದ್ದು ಇಲ್ಲಿಯೇ. ಗುಂಡು, ಮದ್ದು, ಕೇಪು, ಹಿತ್ತಾಳೆ ಕೋಶ ಎಲ್ಲ ಸೇರಿದರೆ ತೋಟಾ. ಅದನ್ನು ಆರಿಸುವ ಕೆಲಸ ರೇಂಜಿನಿಂದ ಶುರುವಾಗಬೇಕೇ ಹೊರತು ವಿಡಿಯೊಗಳಿಂದಲ್ಲ.

ಹೆಜ್ಜೆ 1: ದೂರ ಗೊತ್ತುಮಾಡಿಕೊಳ್ಳಿ

ವಾರಕ್ಕೆ ಎರಡು ದಿನವಾದರೂ ನೀವು ಹೋಗಿಬರಬಹುದಾದ ರೇಂಜ್ ಯಾವುದೋ ಅದರ ದೂರವೇ ನಿಮ್ಮ ದೂರ. ಮೈಸೂರು, ಮಂಡ್ಯದವರಿಗೆ ಅದು 10 ಮೀಟರ್ ಇಲ್ಲವೇ 50 ಮೀಟರ್. ಹತ್ತಾದರೆ ಏರ್ ರೈಫಲ್ ಸಾಕು, ತೋಟಾ ಮಾತೇ ಇಲ್ಲ.

ಹೆಜ್ಜೆ 2: ಪರವಾನಗಿ ಮೊದಲು, ಬ್ಯಾರೆಲ್ ಆಮೇಲೆ

ಮೈಸೂರು ನಗರದವರು ಪೊಲೀಸ್ ಕಮಿಷನರ್ ಕಚೇರಿಗೆ, ಮಂಡ್ಯದವರು ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕಬೇಕು. ಅಪ್ಪನ ಹೆಸರಿನಲ್ಲಿ ಬೆಳೆ ರಕ್ಷಣೆಯ ಪರವಾನಗಿ ಇದೆಯೆಂದು ಮಗ ಗುರಿ ರೈಫಲ್ ಕೊಳ್ಳಲಾಗುವುದಿಲ್ಲ. ಪರವಾನಗಿಯಲ್ಲಿ ಯಾವ ಬೋರ್ (ಬ್ಯಾರೆಲ್ಲಿನ ಒಳಅಳತೆ) ಎಂದು ಬರೆದಿದೆಯೋ ಆ ತೋಟಾ ಮಾತ್ರ, ಎಷ್ಟು ಎಂದು ಬರೆದಿದೆಯೋ ಅಷ್ಟು ಮಾತ್ರ. .303, 9 ಎಂ.ಎಂ. ಮುಂತಾದವು ನಿಷೇಧಿತ ಬೋರ್‌ಗಳು. ಅವನ್ನು ಪಟ್ಟಿಯಿಂದ ಹೊಡೆದುಹಾಕಿ. ಇನ್ನೊಂದು ಮಾತು: ಕಟ್ಟಿಸುವುದು ಎಂದರೆ ಪರಿಚಯದ ಲೇತ್ ಅಂಗಡಿಯಲ್ಲಿ ಬ್ಯಾರೆಲ್ ಕೊರೆಸುವುದಲ್ಲ. ಅದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ, ಮೇಲಾಗಿ ಮುಖದ ಮುಂದೆಯೇ ಸಿಡಿಯುವ ಅಪಾಯ. ಪರವಾನಗಿ ಹೊಂದಿದ ತಯಾರಕರ ಬ್ಯಾರೆಲ್, ತೋಟಾ ತುಂಬಿ ಹಾರಿಸುವ ಆ್ಯಕ್ಷನ್ ತೆಗೆದುಕೊಂಡು ಮರದ ಹಿಡಿ, ಕೆನ್ನೆಪಟ್ಟಿ, ಗುರಿ ನೋಡುವ ಸೈಟ್‌ಗಳನ್ನು ಮೈಗೆ ಹೊಂದಿಸಿಕೊಳ್ಳಿ.

ಹೆಜ್ಜೆ 3: ಯಾವ ತೋಟಾ?

ನನ್ನ ಉತ್ತರ ಒಂದೇ: .22 ಲಾಂಗ್ ರೈಫಲ್ ಎಂಬ ಸಣ್ಣ ತೋಟಾ. ಮಕ್ಕಳ ತೋಟಾ ಎಂದು ಮೂಗು ಮುರಿಯುವವರು ಇದ್ದಾರೆ. 2010ರಲ್ಲಿ ಮ್ಯೂನಿಕ್‌ನಲ್ಲಿ ತೇಜಸ್ವಿನಿ ಸಾವಂತ್ ವಿಶ್ವ ಚಾಂಪಿಯನ್ ಆದದ್ದು, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು ಇದರಲ್ಲಿಯೇ, ಇದೇ ಐವತ್ತು ಮೀಟರ್‌ನಲ್ಲಿಯೇ.

ಹುಡುಗನ ಪಟ್ಟಿಯಲ್ಲಿ .308 ವಿಂಚೆಸ್ಟರ್ ಇತ್ತು, 6.5 ಕ್ರೀಡ್‌ಮೂರ್ ಇತ್ತು. ಎರಡೂ ಒಳ್ಳೆಯ ತೋಟಾಗಳೇ. ಮೊದಲನೆಯದು 1952ರಿಂದ ಇದೆ. ಎರಡನೆಯದನ್ನು 2007ರಲ್ಲಿ ದೂರದ ಗುರಿಗೆಂದೇ ರೂಪಿಸಿದರು. ಉದ್ದನೆಯ ತೆಳು ಗುಂಡು ಗಾಳಿಯನ್ನು ಸೀಳಿಕೊಂಡು ಹೋಗುವುದರಿಂದ ಆರುನೂರು, ಎಂಟುನೂರು ಮೀಟರ್‌ನಲ್ಲಿ ಅದು .308ಕ್ಕಿಂತ ಕಡಿಮೆ ಇಳಿಯುತ್ತದೆ, ಕಡಿಮೆ ಸರಿಯುತ್ತದೆ, ಭುಜಕ್ಕೆ ಕೊಡುವ ಒದೆತವೂ ಕಡಿಮೆ. ಆದರೆ ಬ್ಯಾರೆಲ್ ಬೇಗ ಸವೆಯುತ್ತದೆ. ಎಂದಾದರೂ 300 ಮೀಟರ್ ರೇಂಜಿನಲ್ಲಿ ಕಾಯಂ ಜಾಗ ಸಿಕ್ಕರೆ ಆಗ ಈ ಮಾತು ಆಡೋಣ. ಈಗ ಕೊಂಡರೆ ರೈಫಲ್ ಬೀರುವಿನಲ್ಲಿ ಕೂರುತ್ತದೆ, ತಿಂಗಳಿಗೆ ಇಪ್ಪತ್ತು ಗುಂಡು ಹಾರಿಸಿದರೆ ಹೆಚ್ಚು. .22ರಲ್ಲಾದರೆ ಒಂದು ಬೆಳಗಿಗೇ ಅರವತ್ತು. ಕೈ ಪಳಗುವುದು ಗುಂಡಿನ ಲೆಕ್ಕದಲ್ಲಿ, ಮದ್ದಿನ ತೂಕದಲ್ಲಲ್ಲ.

ದೂರದ ಗುರಿಯ ವಿದ್ಯೆಯೂ ಇದರಲ್ಲೇ ಇದೆ. ಐವತ್ತಕ್ಕೆ ಹೊಂದಿಸಿದ .22 ರೈಫಲ್ಲಿನ ಗುಂಡು ನೂರು ಮೀಟರ್ ತಲುಪುವಾಗ ಗೇಣಿಗೆ ತುಸು ಕಡಿಮೆ ಕೆಳಗೆ ಬೀಳುತ್ತದೆ. ಅಡ್ಡಗಾಳಿ ಸೆಕೆಂಡಿಗೆ ಎರಡು ಮೀಟರ್ ಬೀಸಿದರೂ ಸಾಕು, ಐವತ್ತರಲ್ಲಿಯೇ ಒಂದು ಸೆಂಟಿಮೀಟರ್‌ಗೂ ಹೆಚ್ಚು ಸರಿಯುತ್ತದೆ. ಆಷಾಢದ ಗಾಳಿಯಲ್ಲಿ ಇದನ್ನು ಓದಲು ಕಲಿತವನಿಗೆ ಮುಂದೆ ಯಾವ ದೂರವೂ ಹೊಸದಲ್ಲ.

ಹೆಜ್ಜೆ 4: ಡಬ್ಬಿಯ ಮೇಲೆ ‘ಹೈ ವೆಲಾಸಿಟಿ’ ಎಂದಿದ್ದರೆ ವಾಪಸು ಇಡಿ

ವೇಗ ಹೆಚ್ಚಿದ್ದರೆ ಗುರಿ ನೇರ ಎಂಬುದು .22ರ ಮಟ್ಟಿಗೆ ಸುಳ್ಳು. ಅಂಥ ಗುಂಡು ಸೆಕೆಂಡಿಗೆ ಸುಮಾರು 380 ಮೀಟರ್‌ನಲ್ಲಿ ಹೊರಟು, ಐವತ್ತು ಮೀಟರ್ ತಲುಪುವ ಹೊತ್ತಿಗೆ ಶಬ್ದದ ವೇಗದ ಆಸುಪಾಸಿಗೆ ಇಳಿದಿರುತ್ತದೆ. ಆ ಗಡಿಯಲ್ಲಿ ಗುಂಡು ಅಲುಗುತ್ತದೆ, ಗಾಳಿಗೂ ಹೆಚ್ಚು ಸರಿಯುತ್ತದೆ. ಗುರಿ ತೋಟಾಗಳು ಮೊದಲಿನಿಂದಲೇ ಶಬ್ದದ ವೇಗಕ್ಕಿಂತ ಕೆಳಗೆ, 320ರಿಂದ 330 ಮೀಟರ್‌ನಲ್ಲಿ ಹೊರಡುತ್ತವೆ. ಈಲಿ ಟೆನೆಕ್ಸ್, ಲಾಪುವಾ, ಆರ್‌ಡಬ್ಲ್ಯೂಎಸ್ ಆರ್50: ಈ ಸಾಲಿನಲ್ಲಿ ಕ್ಲಬ್ಬಿಗೆ ಯಾವುದು ಬರುತ್ತದೋ ಅದನ್ನು ನೋಡಿ.

ಹೆಜ್ಜೆ 5: ಲಾಟ್ ಪರೀಕ್ಷೆ

ಎಲ್ಲರೂ ಕೆಡಿಸುವ ಹೆಜ್ಜೆ ಇದು. ಒಂದೇ ಕಂಪನಿಯ, ಒಂದೇ ಬಣ್ಣದ ಎರಡು ಡಬ್ಬಿಗಳು ಒಂದೇ ಅಲ್ಲ. ಡಬ್ಬಿಯ ಅಂಚಿನಲ್ಲಿ ಲಾಟ್ ಸಂಖ್ಯೆ ಅಚ್ಚಾಗಿರುತ್ತದೆ. ಲಾಟ್ ಎಂದರೆ ಕಾರ್ಖಾನೆಯಲ್ಲಿ ಒಂದೇ ಸಲಕ್ಕೆ ತಯಾರಾದ ತೋಟಾಗಳ ಕಂತು. ನಿಮ್ಮ ಬ್ಯಾರೆಲ್ ಒಂದು ಲಾಟನ್ನು ಒಪ್ಪಿ ಇನ್ನೊಂದನ್ನು ಒಲ್ಲೆನ್ನಬಹುದು. ಪಕ್ಕದವನ ಬ್ಯಾರೆಲ್ ತದ್ವಿರುದ್ಧ ಹೇಳಬಹುದು. ಹಿಂದೊಮ್ಮೆ ಅಗ್ಗಕ್ಕೆ ಸಿಕ್ಕಿತೆಂದು ಬೇರೆ ಬೇರೆ ಲಾಟ್‌ಗಳ ಡಬ್ಬಿಗಳನ್ನು ಕೊಂಡು ಇಡೀ ಹಂಗಾಮು ನನ್ನ ಉಸಿರನ್ನೇ ದೂಷಿಸಿಕೊಂಡು ತಿದ್ದುತ್ತಾ ಕೂತಿದ್ದೆ.

ಕ್ಲಬ್ಬಿನ ಮೂಲಕ ನಾಲ್ಕು ಲಾಟ್‌ಗಳ ಮಾದರಿ ತರಿಸಿ. ಗಾಳಿ ಏಳುವ ಮುನ್ನ, ಬೆಳಗ್ಗೆ ರೇಂಜ್ ತೆರೆದ ಕೂಡಲೇ, ರೇಂಜ್ ಅಧಿಕಾರಿಯ ಎದುರಿನಲ್ಲಿ ಕೂತುಕೊಳ್ಳಿ. ಹಳೆಯ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ ಜರಡಿ ಹಿಡಿದ ಮರಳು ತುಂಬಿ ಹೊಲಿದರೆ ಒಳ್ಳೆಯ ದಿಂಬಾಗುತ್ತದೆ. ಮುಂದೊಂದು, ಹಿಂದೊಂದು. ಮುಂದಿನ ದಿಂಬು ಹಿಡಿಯ ಮರಕ್ಕೆ ತಾಗಬೇಕು, ಬ್ಯಾರೆಲ್ಲಿಗೆ ತಾಗಲೇಬಾರದು. ಎಲ್ಲಿ ತಾಗುತ್ತದೆಂದು ಸೀಮೆಸುಣ್ಣದಲ್ಲಿ ಗೆರೆ ಎಳೆದು, ಪ್ರತಿ ಗುಂಡಿಗೂ ಅದೇ ಗೆರೆಗೆ ತನ್ನಿ.

ಪ್ರತಿ ಲಾಟಿನ ಮೊದಲ ಹದಿನೈದು ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಸೀಸದ ಗುಂಡಿನ ಮೇಲೆ ಮೇಣದಂಥ ಲೇಪ ಇರುತ್ತದೆ. ಹಳೆಯ ಲಾಟಿನ ಲೇಪ ಬ್ಯಾರೆಲ್ಲಿನೊಳಗೆ ಸವೆದು ಹೊಸದು ಹತ್ತುವವರೆಗೆ ಗುಂಡು ಎಲ್ಲೆಲ್ಲೋ ಹೋಗುತ್ತದೆ. ಆಮೇಲೆ ಹತ್ತು ಹತ್ತು ಗುಂಡುಗಳ ನಾಲ್ಕು ಗ್ರೂಪ್ (ಒಂದೇ ಗುರಿಗೆ ಸಾಲಾಗಿ ಹಾರಿಸಿದ ಗುಂಡುಗಳ ಗುಂಪು), ಪ್ರತಿಯೊಂದಕ್ಕೂ ಬೇರೆ ಕಾಗದ. ಐದು ಗುಂಡಿನ ಗ್ರೂಪ್ ಬೇಡವೇ ಬೇಡ. ಅದೃಷ್ಟವಿದ್ದರೆ ಕೆಟ್ಟ ಲಾಟ್ ಕೂಡ ಐದನ್ನು ಒಂದೇ ತೂತಿಗೆ ಹಾಕಿಬಿಡುತ್ತದೆ. ಆ ಕಾಗದದ ಫೋಟೊ ಹಿಡಿದು ಸಾವಿರಾರು ರೂಪಾಯಿ ಸುರಿದವರನ್ನು ಕಂಡಿದ್ದೇನೆ.

ನಾಲ್ಕೂ ಮುಗಿದ ಮೇಲೆ ಮೊದಲ ಲಾಟಿಗೆ ಮರಳಿ: ಮತ್ತೆ ಹದಿನೈದು, ಮತ್ತೆ ಒಂದು ಗ್ರೂಪ್. ಬೆಳಗಿನ ಗ್ರೂಪ್‌ಗಳಿಗೆ ಅದು ಹೋಲದಿದ್ದರೆ ನಡುವೆ ಗಾಳಿಯೋ ನಿಮ್ಮ ಕಣ್ಣೋ ಬದಲಾಗಿದೆ ಎಂದರ್ಥ. ಆ ದಿನದ ಫಲಿತಾಂಶವನ್ನು ಹರಿದು ಹಾಕಿ, ಇನ್ನೊಂದು ಬೆಳಗ್ಗೆ ಬನ್ನಿ. ಬೇಸರದ ಕೆಲಸ, ಆದರೆ ಇದನ್ನು ಬಿಟ್ಟರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಅಳೆಯುವುದು ಮನೆಯಲ್ಲಿ. ಒಂದು ಲಾಟಿನ ನಾಲ್ಕೂ ಕಾಗದಗಳನ್ನು ಒಂದರ ಮೇಲೊಂದು ಇಟ್ಟು, ವೃತ್ತಗಳನ್ನು ಕೂಡಿಸಿ ಕಿಟಕಿ ಗಾಜಿಗೆ ಹಿಡಿಯಿರಿ. ನಲವತ್ತು ಗುಂಡುಗಳ ನಿಜವಾದ ಚೆದುರು ಬೆಳಕಿನಲ್ಲಿ ಎದ್ದು ಕಾಣುತ್ತದೆ. ವರ್ನಿಯರ್‌ನಿಂದ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು, ಗುಂಡಿನ ದಪ್ಪವಾದ 5.6 ಮಿ.ಮೀ. ಕಳೆಯಿರಿ. ಐವತ್ತು ಮೀಟರ್ ಗುರಿಯ ಹತ್ತು ಅಂಕದ ವೃತ್ತ 10.4 ಮಿ.ಮೀ.; ಗುಂಡಿನ ಅಂಚು ಅದಕ್ಕೆ ತಾಗಿದರೂ ಹತ್ತು. ಅಂದರೆ ಗುಂಡಿನ ನಡು ವೃತ್ತದ ನಡುವಿನಿಂದ 8 ಮಿ.ಮೀ. ಒಳಗೆ ಇರಬೇಕು. ಕಳೆದು ಉಳಿದದ್ದು 16 ಮಿ.ಮೀ. ದಾಟಿದರೆ, ನೀವು ಕಲ್ಲಿನಂತೆ ಕದಲದೆ ಮಲಗಿದರೂ ಆ ಲಾಟ್ ಎಲ್ಲ ಗುಂಡಿಗೂ ಹತ್ತು ಅಂಕ ಕೊಡಲಾರದು. ಗ್ರೂಪ್ ವೃತ್ತದ ಬಲಕ್ಕೋ ಮೇಲಕ್ಕೋ ಬಿದ್ದಿದ್ದರೆ ಚಿಂತೆಯಿಲ್ಲ, ಸೈಟ್ ತಿರುಗಿಸಿದರೆ ಸರಿಹೋಗುತ್ತದೆ. ಚೆದುರು ಮಾತ್ರ ನೋಡಿ.

ತೋಟಾಗಳನ್ನು ತೂಗಿ, ಅಂಚಿನ ದಪ್ಪ ಅಳೆದು ವಿಂಗಡಿಸುವವರೂ ಇದ್ದಾರೆ. ಒಳ್ಳೆಯ ಲಾಟಿಗೆ ಅದು ಬೇಕಿಲ್ಲ, ಕೆಟ್ಟ ಲಾಟನ್ನು ಅದು ಉಳಿಸುವುದಿಲ್ಲ. ಪರೀಕ್ಷೆಯ ನಡುವೆ ಬ್ಯಾರೆಲ್ಲಿಗೆ ಎಣ್ಣೆ ಸ್ಪ್ರೇ ಹೊಡೆಯುವುದಂತೂ ಶುದ್ಧ ತಪ್ಪು. ಹದಿನೈದು ಗುಂಡು ಖರ್ಚು ಮಾಡಿ ಕೂರಿಸಿದ ಲೇಪವನ್ನು ನೀವೇ ಕಿತ್ತಂತೆ.

ಹೆಜ್ಜೆ 6: ಕೊಂಡು ಕಾಪಾಡಿ

ಗೆದ್ದ ಲಾಟನ್ನು ಪರವಾನಗಿ ಬಿಟ್ಟಷ್ಟೂ ಕೊಳ್ಳಿ. ಮಿಕ್ಕಿದ್ದನ್ನು ನಿಮ್ಮ ಹೆಸರಿಗೆ ತೆಗೆದಿಡಲು ಕ್ಲಬ್ಬಿನವರನ್ನು ಕೇಳಿ. ಏಪ್ರಿಲ್ ಬಿಸಿಲಿನಲ್ಲಿ ಸ್ಕೂಟರ್ ಡಿಕ್ಕಿಯಲ್ಲಿ ಡಬ್ಬಿ ಬಿಡಬೇಡಿ. ಒಮ್ಮೆ ಹಾಗೆ ಬಿಟ್ಟ ಡಬ್ಬಿ ತೆರೆದಾಗ ಲೇಪ ಕರಗಿ ಗುಂಡುಗಳ ಒಂದು ಮಗ್ಗುಲಿಗೆ ಇಳಿದಿತ್ತು, ಬೆರಳಿಗೆ ತುಪ್ಪದಂತೆ ಹತ್ತಿತು. ಮನೆಯಲ್ಲಿ ಬೀಗವಿರುವ ಕಬ್ಬಿಣದ ಪೆಟ್ಟಿಗೆ, ತಂಪಾದ ಒಳಕೋಣೆ, ರೈಫಲ್ ಬೇರೆ ಕಡೆ.

ಕೊನೆಯ ಎರಡು ಡಬ್ಬಿಗಳನ್ನು ಮಾತ್ರ ಅಭ್ಯಾಸಕ್ಕೆ ಒಡೆಯದೆ, ಲಾಟ್ ಸಂಖ್ಯೆ ಬರೆದು ಪಕ್ಕಕ್ಕಿಡಿ. ಮುಂದಿನ ಸಲ ಹೊಸ ಲಾಟ್‌ಗಳು ಬಂದಾಗ ಪರೀಕ್ಷೆಯ ಮೊದಲ ಗ್ರೂಪ್‌ಗಳನ್ನು ಈ ಹಳೆಯ ಡಬ್ಬಿಗಳಿಂದಲೇ ಹಾರಿಸಬೇಕು.